ಸಿಕ್ಕು ಬಿಡಿಸುವ ಪಾಠ

ನಮ್ಮ ಮನೆಯಲ್ಲಿ ಬೆಕ್ಕುಗಳು ಮೊದಲಿನಿಂದಲೂ ಇದ್ದವು. ಆದರೆ ಅವುಗಳ ಮೈ ಬಾಚಿದವರು ಯಾರೂ ಇರಲಿಲ್ಲ. ಅಟ್ಟದ ಇಲಿ ಹಿಡಿದು, ಒಲೆಯ ಬೂದಿಯಲ್ಲಿ ಮಲಗಿ, ತಮ್ಮ ಮೈಯನ್ನು ತಾವೇ ನೆಕ್ಕಿ ಶುಚಿಗೊಳಿಸಿಕೊಳ್ಳುತ್ತಿದ್ದ ಜೀವಗಳು ಅವು. ಆದ್ದರಿಂದ ಎರಡು ವರ್ಷಗಳ ಹಿಂದೆ ಮಗಳು ಉದ್ಯೋಗನಿಮಿತ್ತ ಪುಣೆಗೆ ಹೊರಟಾಗ, ತನ್ನ ಪರ್ಷಿಯನ್ ಬೆಕ್ಕು ಬೆಳ್ಳಿಯನ್ನೂ ಒಂದು ಉಕ್ಕಿನ ಬಾಚಣಿಗೆಯನ್ನೂ ನನಗೊಪ್ಪಿಸಿ, “ಅಪ್ಪಾ, ದಿನಾ ಬಾಚಬೇಕು, ಮರೀಬೇಡಿ” ಎಂದದ್ದು ನನಗೆ ನಗೆಯ ಮಾತಾಗಿ ತೋರಿತ್ತು.

ಮಳೆಗಾಲದಲ್ಲಿ ಒಂದು ತಿಂಗಳು ಉದಾಸೀನ ಮಾಡಿದೆ. ಅಷ್ಟರಲ್ಲಿ ಕಿವಿಯ ಹಿಂದೆ, ಕಂಕುಳಲ್ಲಿ, ಹೊಟ್ಟೆಯ ಕೆಳಗೆ ಕೂದಲು ಸಿಕ್ಕುಗಟ್ಟಿ ಕಂಬಳಿಯ ತುಂಡಿನಂತಾಗಿತ್ತು. ಸ್ನಾನ ಮಾಡಿಸಿದರೆ ಸರಿಹೋದೀತೆಂದು ನೀರು ಹಾಕಿದೆ. ಒಣಗಿದ ಮೇಲೆ ಗಂಟುಗಳು ಇನ್ನಷ್ಟು ಬಿಗಿದವು. ತಾಳ್ಮೆಗೆಟ್ಟು ಕತ್ತರಿ ತಂದು, ಒಂದು ಗಂಟನ್ನು ಎತ್ತಿ ಹಿಡಿದು ಬುಡಕ್ಕೇ ಕತ್ತರಿಸಿದೆ. ಬೆಳ್ಳಿ ಕಿರುಚಿ ಮಂಚದಡಿ ಸೇರಿತು. ನನ್ನ ಪಂಚೆಯ ಮೇಲೆ ರಕ್ತದ ಕಲೆ. ಬೆಕ್ಕಿನ ಚರ್ಮ ಬಲು ತೆಳು. ಗಂಟನ್ನು ಎಳೆದಾಗ ಅದರೊಡನೆ ಚರ್ಮವೂ ಮೇಲೆದ್ದು ಬರುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಪಶುವೈದ್ಯರು ಎರಡು ಹೊಲಿಗೆ ಹಾಕಿ, “ಮೇಷ್ಟ್ರೇ, ಇನ್ನು ಕತ್ತರಿ ಮುಟ್ಟಬೇಡಿ” ಎಂದರು.

ಅವರೇ ಕ್ರಮವನ್ನೂ ಹೇಳಿಕೊಟ್ಟರು. ಗಂಟಿನ ಬುಡವನ್ನು, ಚರ್ಮ ಜಗ್ಗದಂತೆ, ಎಡಗೈ ಬೆರಳುಗಳಿಂದ ಹಿಡಿದುಕೊಳ್ಳಬೇಕು. ಮೇಲೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಮೊದಲು ಬೆರಳಿನಿಂದಲೂ ಆಮೇಲೆ ಅಗಲ ಹಲ್ಲಿನ ಬಾಚಣಿಗೆಯ ತುದಿಯಿಂದಲೂ ಬಿಡಿಸಬೇಕು. ಕೂದಲಿನ ತುದಿಯಿಂದ ಆರಂಭಿಸಿ ಬುಡದ ಕಡೆಗೆ ಬರಬೇಕು. ಬೆಕ್ಕು ಬಾಲ ಬಡಿಯತೊಡಗಿದರೆ ಅಂದಿಗೆ ಅಲ್ಲಿಗೇ ನಿಲ್ಲಿಸಬೇಕು. ಬೆರಳಿಗೂ ಬಿಡದಷ್ಟು ಬಿಗಿದ ಗಂಟಾದರೆ ವೈದ್ಯರ ಬಳಿಗೇ ಒಯ್ಯಬೇಕು. ಅವರು ಯಂತ್ರದಿಂದ ಬೋಳಿಸುತ್ತಾರೆ. ದಿನವೂ ಬಾಚಿದರೆ ಇನ್ನೊಂದು ಲಾಭವುಂಟು. ಬೆಕ್ಕಿನ ನಾಲಗೆಯ ಮೇಲೆ ಗಂಟಲಿನತ್ತ ಬಾಗಿದ ಸಣ್ಣ ಮುಳ್ಳುಗಳಿರುವುದರಿಂದ ನೆಕ್ಕಿದ ಕೂದಲೆಲ್ಲ ಹೊಟ್ಟೆ ಸೇರುತ್ತದೆ. ಬಾಚಣಿಗೆಗೆ ಬಂದಷ್ಟು ಕೂದಲು ಹೊಟ್ಟೆಗೆ ಹೋಗುವುದು ತಪ್ಪುತ್ತದೆ.

ಉಳಿದ ಗಂಟುಗಳನ್ನು ಬಿಡಿಸಲು ಹನ್ನೊಂದು ದಿನಗಳು ಹಿಡಿದವು. ಹಾಗೆ ಜಗಲಿಯಲ್ಲಿ ಕುಳಿತಿದ್ದ ಒಂದು ಸಂಜೆ, ಬಹುಕಾಲದಿಂದ ಮರೆತಿದ್ದ ಘಟನೆಯೊಂದು ನೆನಪಾಯಿತು. 1989ರಲ್ಲಿ, ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ದಿನವೂ ತಲೆ ಕೆದರಿಕೊಂಡೇ ಬರುತ್ತಿದ್ದಳು. ಶಿಸ್ತಿನ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು. ಒಂದು ದಿನ ಎಲ್ಲರೆದುರು, “ಬಾಚಣಿಗೆ ಕೊಳ್ಳಲು ದುಡ್ಡಿಲ್ಲವೇನು?” ಎಂದು ಕೇಳಿ ಹೊರಗೆ ನಿಲ್ಲಿಸಿದೆ. ಇಡೀ ತರಗತಿ ನಕ್ಕಿತು. ಆಕೆ ಒಂದು ಮಾತೂ ಆಡಲಿಲ್ಲ. ತಾಯಿ ತಿಂಗಳಿಂದ ಹಾಸಿಗೆ ಹಿಡಿದಿದ್ದಳೆಂದೂ, ನೀರು ಹೊತ್ತು, ಅಡುಗೆ ಮಾಡಿ, ತಮ್ಮನನ್ನು ಅಣಿಗೊಳಿಸಿ ಈ ಮಗು ಶಾಲೆಗೆ ಓಡಿ ಬರುತ್ತಿದ್ದಳೆಂದೂ ತಿಳಿದದ್ದು ಆಕೆ ಶಾಲೆ ಬಿಟ್ಟ ಮೇಲೆ. ಮನೆಗೆ ಹೋಗಿ ಕರೆತರಬಹುದಿತ್ತು. ಪರೀಕ್ಷೆಯ ಕೆಲಸವೆಂದು ನೆಪ ಹೇಳಿಕೊಂಡು ಸುಮ್ಮನಾದೆ.

ಬಿ.ಎಡ್. ತರಗತಿಯಲ್ಲಿ ಮಕ್ಕಳ ಮನಶ್ಶಾಸ್ತ್ರವನ್ನು ಓದಿ ನಾನು ಒಳ್ಳೆಯ ಅಂಕಗಳನ್ನೇ ಪಡೆದಿದ್ದೆ.

ಈಗ ಬೆಳ್ಳಿ ಸಂಜೆ ಐದಕ್ಕೆ ತಾನಾಗಿಯೇ ಬಂದು ತೊಡೆಯೇರುತ್ತದೆ. ಗಾಯವಾಗಿದ್ದ ಕಡೆ ಬಾಚಣಿಗೆ ತಾಗಿದರೆ ಮಾತ್ರ ಇಂದಿಗೂ ಮೈ ಬಿಗಿಹಿಡಿಯುತ್ತದೆ. ಅಲ್ಲಿ ನಾನು ಬೆರಳನ್ನಷ್ಟೇ ಆಡಿಸುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಾರೆಂದು ಬಲ್ಲೆ. ಆಕೆಯ ಹೆಸರನ್ನು ಇಲ್ಲಿ ಬರೆಯಲಾರೆ. ನಿಮ್ಮಲ್ಲಿ ಯಾರಿಗಾದರೂ ಆಕೆಯ ಸಂಪರ್ಕವಿದ್ದರೆ, ಮೇಷ್ಟ್ರು ಅಂದಿನ ಮಾತಿಗಾಗಿ ಕ್ಷಮೆ ಕೇಳಿದರೆಂದು ದಯವಿಟ್ಟು ತಿಳಿಸಿ.