ಹಲಸಿನ ಮರದಡಿ ಒಂದು ಎಂಜಿನು

ನನ್ನ ಎಡಗೈಯ ಉಂಗುರದ ಬೆರಳಿನ ತುದಿಗೆ ಬಿಸಿ ತಾಗಿದರೆ ತಿಳಿಯುವುದಿಲ್ಲ. ಉಗುರೂ ನೆಟ್ಟಗೆ ಬೆಳೆಯುವುದಿಲ್ಲ. ಕೇಳಿದವರಿಗೆ ‘ಕಾರಿನ ಕೆಲಸದಲ್ಲಿ ಆದದ್ದು’ ಎಂದು ಹೇಳಿ ಮಾತು ಮುಗಿಸುತ್ತೇನೆ. ಅದು ಸುಳ್ಳಲ್ಲ, ಪೂರ್ತಿ ಸತ್ಯವೂ ಅಲ್ಲ.

ತಂದೆಯವರು 1974ರಲ್ಲಿ ಒಬ್ಬ ಡಾಕ್ಟರರ ಕೈಯಿಂದ ಕೊಂಡ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ನಮ್ಮದು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡನ್ನು ಮದ್ರಾಸಿನಲ್ಲಿ 1961ರಿಂದ ಈ ಹೆಸರಿನಲ್ಲಿ ತಯಾರಿಸುತ್ತಿದ್ದರು. ಇದರ ಚಾಸಿಯನ್ನೇ ಗಿಡ್ಡ ಮಾಡಿ ಅವರು 1962ರಲ್ಲಿ ಸ್ಪಿಟ್‌ಫೈರ್ ಎಂಬ ಇಬ್ಬರು ಕೂರುವ ಸ್ಪೋರ್ಟ್ಸ್ ಕಾರು ಮಾಡಿದರು. ಎರಡಕ್ಕೂ ರೂಪ ಕೊಟ್ಟವರು ಇಟಲಿಯ ಮಿಕೆಲೋಟ್ಟಿ. ಹಾಗಾಗಿ ನಮ್ಮ ಮನೆಯ ಮುದಿ ಹೆರಾಲ್ಡು ಒಂದು ಸ್ಪೋರ್ಟ್ಸ್ ಕಾರಿನ ಒಡಹುಟ್ಟಿದ ಅಣ್ಣ ಎಂದು ನಾನು ಮಕ್ಕಳೆದುರು ಜಂಬ ಕೊಚ್ಚುವುದಿತ್ತು. ಅಣ್ಣನ ಓಟ ಮಾತ್ರ ಸೀತಾಂಗೋಳಿಯ ಏರಿನಲ್ಲಿ ಎರಡನೇ ಗೇರಿನದ್ದು.

1996ರ ಬೇಸಿಗೆ ರಜೆಗೆ ಮೊದಲು ಕಾರಿನಲ್ಲಿ ಒಂದು ವಿಚಿತ್ರ ಸದ್ದು ಸುರುವಾಯಿತು. ಕ್ಲಚ್ ತುಳಿದರೆ ಕಟಕ್, ಬಿಟ್ಟರೆ ಕಟಕ್. ಕುಂಬಳೆ ಕಡೆಯ ನಮ್ಮ ಮೆಕ್ಯಾನಿಕ್ ಇಚ್ಚ ಬಂದು ಬಾನೆಟ್ ಎತ್ತಿದರು. ಹೆರಾಲ್ಡಿನ ಬಾನೆಟ್ಟೆಂದರೆ ಮಡ್‌ಗಾರ್ಡು, ದೀಪಗಳ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುವಂಥದ್ದು. “ಮಾಷೆ, ಕ್ಲಚ್ ತುಳಿಯಿರಿ” ಎಂದರು. ತುಳಿದೆ. ಎಂಜಿನಿನ ಮೂತಿಯಲ್ಲಿರುವ ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದೆ ಬಂತು. ಇಚ್ಚ ತಲೆಗೆ ಕಟ್ಟಿದ ತುಂಡು ಬಿಚ್ಚಿ ಬೆವರು ಒರಸಿಕೊಂಡರು.

ಕ್ರ್ಯಾಂಕ್‌ಶಾಫ್ಟು ಹಿಂದೆ ಮುಂದೆ ಜಾರದಂತೆ ತಡೆಯುವುದು ಹಿಂದಿನ ಬೇರಿಂಗಿನ ಪಕ್ಕದಲ್ಲಿರುವ ಥ್ರಸ್ಟ್ ವಾಷರ್ ಎಂಬ ಅರ್ಧಚಂದ್ರಾಕಾರದ ಎರಡು ತುಂಡುಗಳು. ಕ್ಲಚ್ ತುಳಿದಷ್ಟು ಹೊತ್ತು ಆ ಭಾರವೆಲ್ಲ ಅವುಗಳ ಮೇಲೆ. ನಮ್ಮ ಊರಿನಲ್ಲಿ ಆಗ ರೈಲು ಗೇಟುಗಳಿಗೇನು ಕಡಿಮೆ? ಗೇಟು ಹಾಕಿದಾಗಲೆಲ್ಲ ಗೇರು ಬಿಡಿಸದೆ ಕ್ಲಚ್ ಒತ್ತಿಕೊಂಡೇ ಕೂರುವುದು ನನ್ನ ದುರಭ್ಯಾಸ. ಇಪ್ಪತ್ತು ವರ್ಷದ ಆ ಸೋಮಾರಿತನಕ್ಕೆ ವಾಷರುಗಳು ಸವೆದು ಕೆಳಗೆ ಬಿದ್ದಿದ್ದುವು. ಬರೇ ಸವೆದದ್ದಾದರೆ ಅಡಿಯ ಸಂಪು ಬಿಚ್ಚಿ ಹೊಸತು ತೂರಿಸಬಹುದಿತ್ತು. ಬಿದ್ದ ಮೇಲೂ ಓಡಿಸಿದ್ದರಿಂದ ಶಾಫ್ಟು ಬ್ಲಾಕನ್ನೇ ಕೊರೆದಿತ್ತು. ಎಂಜಿನ್ ಇಳಿಸಿ ಮಂಗಳೂರಿನ ಲೇತಿಗೆ ಒಯ್ಯದೆ ಉಪಾಯವಿರಲಿಲ್ಲ.

ಕಾರನ್ನು ಎತ್ತುವ ಲಿಫ್ಟು ಬಿಡಿ, ಇಚ್ಚನ ಶೆಡ್ಡಿಗೆ ನೆಟ್ಟಗಿನ ಮಾಡೇ ಇರಲಿಲ್ಲ. ನಮ್ಮ ಅಂಗಳದ ಮುರಕಲ್ಲಿನ ನೆಲ ಗಟ್ಟಿ. ಬದಿಯಲ್ಲಿ ಹಲಸಿನ ಮರ. “ಇಲ್ಲೇ ಮಾಡುವ” ಎಂದರು. ಕೊಟ್ಟಿಗೆಯ ಪಕ್ಕಾಸಿಗೆ ಚೈನ್ ಬ್ಲಾಕ್ ಕಟ್ಟಬಹುದಲ್ಲ ಎಂದು ನಾನು ಹೇಳಿದ್ದಕ್ಕೆ, “ಎಂಜಿನ್ ಮೇಲೆ ಬರುವುದಿಲ್ಲ ಮಾಷೆ, ಮಾಡು ಕೆಳಗೆ ಬರುತ್ತದೆ” ಎಂದು ನಕ್ಕರು. ಗೇರ್‌ಬಾಕ್ಸ್ ಬಿಟ್ಟು ಎಂಜಿನ್ ಒಂದೇ ಕ್ವಿಂಟಾಲಿಗೆ ಕಡಿಮೆ ಇಲ್ಲ. ಮರದಲ್ಲೂ ಅವರು ಆರಿಸಿದ್ದು ಕೊಂಬೆಯ ಬುಡದ ಜಾಗ. ಗೋಣಿ ಸುತ್ತಿ ಸರಪಳಿ ಹಾಕಿ, ಮೊದಲು ಮೂರು ಮೂಟೆ ಸಿಮೆಂಟು ತೂಗುಹಾಕಿ ಒಂದು ರಾತ್ರಿ ಬಿಟ್ಟರು. ಬೆಳಗ್ಗೆ ಕೊಂಬೆ ಬಾಗಿರಲಿಲ್ಲ. ಆ ಮೇಲೆ ಕಾರನ್ನು ಅದರಡಿಗೆ ತಂದೆವು.

ಬಿಚ್ಚುವ ಕೆಲಸಕ್ಕೆ ಒಂದೂವರೆ ದಿವಸ ಹಿಡಿಯಿತು. ಬ್ಯಾಟರಿಯ ವಯರು ತೆಗೆಯದೆ ಸ್ಪಾನರ್ ಮುಟ್ಟಬಾರದೆಂದು ಇಚ್ಚನ ಕಟ್ಟಳೆ. ಬಾನೆಟ್ಟನ್ನು ನಾನೂ ನನ್ನ ಹೆಂಡತಿಯೂ ಆಚೀಚೆ ಹಿಡಿದು ಜಗಲಿಗೆ ಸಾಗಿಸಿದೆವು. ನೀರು ಬಸಿದು ರೇಡಿಯೇಟರು ತೆಗೆದದ್ದು, ಪೆಟ್ರೋಲು ಪೈಪಿಗೆ ಮರದ ಬೆಣೆ ಹೊಡೆದದ್ದು, ಸೈಲೆನ್ಸರಿನ ತುಕ್ಕು ಹಿಡಿದ ನಟ್ಟುಗಳಿಗೆ ಎರಡು ಸಂಜೆ ಎಣ್ಣೆ ಕುಡಿಸಿದ್ದು, ಇದನ್ನೆಲ್ಲ ವಿಸ್ತರಿಸುವುದಿಲ್ಲ. ಪ್ರತಿ ನಟ್ಟನ್ನೂ ಹಾರ್ಲಿಕ್ಸ್ ಬಾಟಲಿಗಳಲ್ಲಿ ತುಂಬಿ ಚೀಟಿ ಅಂಟಿಸಿದವನು ನನ್ನ ಮಗ. ಹೆರಾಲ್ಡಿನ ಗೇರ್‌ಬಾಕ್ಸಿನ ನಟ್ಟುಗಳಿಗೆ ಕಾರಿನ ಒಳಗಿನಿಂದ, ಸೀಟುಗಳ ನಡುವಿನ ಮುಚ್ಚಳ ತೆಗೆದು ಕೈ ಹಾಕಬೇಕು. ಗೇರ್‌ಬಾಕ್ಸಿನ ದಂಡವೊಂದು ಕ್ಲಚ್ಚಿನೊಳಗೆ ಹೊಕ್ಕಿರುತ್ತದೆ. ಎಂಜಿನಿನ ಭಾರ ಅದರ ಮೇಲೆ ಜೋತುಬಿದ್ದರೆ ದಂಡವೂ ಹಾಳು, ಕ್ಲಚ್ಚೂ ಹಾಳು. ಆದ್ದರಿಂದ ಗೇರ್‌ಬಾಕ್ಸಿನಡಿಗೆ ಜಾಕು ಕೊಟ್ಟು, ಎಂಜಿನನ್ನು ಚೂರೇ ಎತ್ತಿ, ನೆಟ್ಟಗೆ ಮುಂದಕ್ಕೆ ಎಳೆಯಬೇಕು. ಇಚ್ಚ ಒಳಗೆ ಕೂತು ದಂಡದ ಮೇಲೆ ಕಣ್ಣಿಟ್ಟರು. ನಾನು ಎಂಜಿನಿನ ಬದಿಯಲ್ಲಿ. ಸರಪಳಿ ಎಳೆಯಲು ಇಚ್ಚ ಕರೆತಂದಿದ್ದ ಹುಡುಗ.

ಹದಿನೇಳರ ಹುಡುಗ. ವೆಳ್ಳರಿಕ್ಕುಂಡಿನ ಕಡೆಯವನು, ಅವನ ಅಜ್ಜನ ಕಾಲದಲ್ಲಿ ತಿರುವಾಂಕೂರಿನಿಂದ ಮಲೆಗೆ ಬಂದು ನೆಲೆಸಿದ ಮನೆತನ. ಇಚ್ಚನಲ್ಲಿಗೆ ಬಂದು ಮೂರೇ ತಿಂಗಳು. ಕನ್ನಡದ ಗಾಳಿ ಸೋಕಿರಲಿಲ್ಲ, ತುಳುವೂ ಇಲ್ಲ. ಇದು ನನಗೆ ಗೊತ್ತಿತ್ತು.

ಎಂಜಿನ್ ದಂಡದಿಂದ ಕಳಚಿ ಮುಂದೆ ಬಂತು. ಎಡಬದಿಯ ಮೌಂಟಿಂಗಿನ ರಬ್ಬರು ಮಾತ್ರ ಚಾಸಿಯ ಬ್ರಾಕೆಟ್ಟಿಗೆ ಸಿಕ್ಕಿಕೊಂಡಿತು. ಬಿಡಿಸಲು ನಾನು ಸಂದಿಗೆ ಬೆರಳು ಹಾಕಿದೆ. ಹಾಕಬಾರದಿತ್ತು; ಒಂದು ಕಟ್ಟಿಗೆ ತುಂಡು ಸಾಕಿತ್ತು. ಹುಡುಗ ಎಳೆಯುತ್ತಲೇ ಇದ್ದುದನ್ನು ಕಂಡು “ತಾಳು!” ಎಂದು ಕೂಗಿದೆ.

ನಮಗೆ ತಾಳು ಎಂದರೆ ಕಾಯು, ನಿಲ್ಲಿಸು. ಅವನ ಭಾಷೆಯಲ್ಲಿ ತಾೞೆ ಎಂದರೆ ಕೆಳಗೆ. ಹಳೆಗನ್ನಡದಲ್ಲಿ ಇದ್ದು ನಾವು ಕಳಕೊಂಡ ಆ ‘ೞ’ ಅಕ್ಷರವನ್ನು ಮಲಯಾಳ ಇನ್ನೂ ಇಟ್ಟುಕೊಂಡಿದೆ ಎಂದು ಕ್ಲಾಸಿನಲ್ಲಿ ಎಷ್ಟು ಸಲ ಪಾಠ ಮಾಡಿದ್ದೆನೋ. ಹುಡುಗ ಆಜ್ಞೆ ಪಾಲಿಸಿದ. ಇಳಿಸುವ ಸರಪಳಿ ಹಿಡಿದು ಎಳೆದ. ಚೈನ್ ಬ್ಲಾಕಿನಲ್ಲಿ ಒಂದು ಎಳೆತಕ್ಕೆ ಅರ್ಧ ಅಂಗುಲವೂ ಇಳಿಯುವುದಿಲ್ಲ. ಅಷ್ಟೇ ಸಾಕಾಯಿತು. ನಾನು ನೋವಿಗೆ “ತಾಳು, ತಾಳೋ!” ಎಂದು ಅರಚಿದೆ. ಅವನು ಗಾಬರಿಯಿಂದ ಇನ್ನಷ್ಟು ಬೇಗ ಇಳಿಸಿದ. ನಾನು ಕೂಗಿದಷ್ಟೂ ಅವನು ಇಳಿಸುವುದು, ಅವನು ಇಳಿಸಿದಷ್ಟೂ ನಾನು ಕೂಗುವುದು. ಕೊನೆಗೆ ಇಚ್ಚ ಕಾರಿನೊಳಗಿನಿಂದ “ಪೊಕ್ಕೆಡಾ!” ಎಂದು ಗರ್ಜಿಸಿದ ಮೇಲೆ ಎಂಜಿನ್ ಮೇಲಕ್ಕೆ ಹೋಯಿತು.

ರಿಕ್ಷಾದಲ್ಲಿ ಕುಂಬಳೆಗೆ ಹೋಗಿ ಹೊಲಿಗೆ ಹಾಕಿಸಿ ಬರುವಷ್ಟರಲ್ಲಿ ಹುಡುಗ ಇರಲಿಲ್ಲ. ಹೊಡೆಯುತ್ತಾರೆಂದು ಹೆದರಿ ಸಂಜೆಯ ಬಸ್ಸು ಹತ್ತಿದ್ದನಂತೆ. ಮನೆಗೆ ಬಂದವರೆಲ್ಲ ‘ಎಂಥ ದಡ್ಡನಪ್ಪ’ ಎಂದು ಅವನನ್ನೇ ಬೈದರು. ನಾನು ಸುಮ್ಮನೆ ಕೇಳಿಸಿಕೊಂಡೆ. ಎರಡು ದಿವಸ ಹಾಗೆಯೇ ಕೇಳಿಸಿಕೊಂಡೆನೆಂಬುದು ಬೆರಳಿಗಿಂತ ಹೆಚ್ಚು ನೋಯುವ ಸಂಗತಿ.

ಯಾಕೆಂದರೆ ಅದೇ ವರ್ಷ ನಾನೊಂದು ಮನವಿಗೆ ಸಹಿ ಸಂಗ್ರಹಿಸಿದ್ದೆ. ಕನ್ನಡ ಮಾತ್ರ ಬಲ್ಲ ಮುದುಕರ ಕೈಗೆ ಮಲಯಾಳದ ಫಾರಂ ಕೊಟ್ಟು, ತಪ್ಪು ತುಂಬಿಸಿದಿರೆಂದು ಹಿಂದೆ ಕಳುಹಿಸುವುದು ಅನ್ಯಾಯ ಎಂದು ಬರೆದವನು ನಾನೇ. ನನ್ನ ಅಂಗಳದಲ್ಲಿ, ನನ್ನ ಮರದಡಿಯಲ್ಲಿ, ಕೈಯಲ್ಲಿ ಕ್ವಿಂಟಾಲಿನ ಭಾರ ಹಿಡಿದು ನಿಂತ ಹುಡುಗನಿಗೆ ಅವನಿಗೆ ತಿಳಿಯದ ಭಾಷೆಯಲ್ಲಿ ಆಜ್ಞೆ ಕೊಟ್ಟವನೂ ನಾನೇ. ಮಲಯಾಳ ನನಗೆ ಬಾರದ್ದೇನಲ್ಲ. ಪೇಟೆಯಲ್ಲಿ ನಿತ್ಯ ಆಡುತ್ತೇನೆ. ಮನೆಯಂಗಳದಲ್ಲಿ ಆಡಲು ಮನಸ್ಸು ಬಂದಿರಲಿಲ್ಲ, ಅಷ್ಟೆ.

ಮೂರನೆಯ ದಿವಸ ಇಚ್ಚನ ಜತೆ ಬಸ್ಸು ಹತ್ತಿ ಅವನ ಮನೆಗೆ ಹೋದೆ. ಅವನ ಅಮ್ಮ ಕಪ್ಪ ಬೇಯಿಸಿ ಕೊಟ್ಟರು. “ತಪ್ಪು ನನ್ನದು” ಎಂದು ಮಲಯಾಳದಲ್ಲಿ ಹೇಳಿದೆ. ಹುಡುಗ ನನ್ನ ಬೆರಳಿನ ಬ್ಯಾಂಡೇಜನ್ನೇ ನೋಡುತ್ತಿದ್ದ. ತಪ್ಪು ಮಾಷರದ್ದು ಹೇಗಾಗುತ್ತದೆಂದು ಅವನಿಗೆ ಹೊಳೆಯಲಿಲ್ಲವೆಂದು ಕಾಣುತ್ತದೆ. ಬಿಡಿಸಿ ಹೇಳಿದಾಗ ಅಮ್ಮ ಮೊದಲು ನಕ್ಕರು, ಆ ಮೇಲೆ ಅವನೂ ನಕ್ಕ.

ಜೂನಿನ ಮೊದಲ ಮಳೆಯ ಬಿಡುವಿನಲ್ಲಿ ಎಂಜಿನ್ ಮಂಗಳೂರಿನಿಂದ ಬಂತು. ಅದನ್ನು ಕೂರಿಸುವ ದಿವಸ ಇಚ್ಚ, “ಇನ್ನು ನಿಮ್ಮದೂ ಬೇಡ, ಅವನದೂ ಬೇಡ” ಎಂದು ತಾವು ಬೊಂಬಾಯಿಯ ಡಕ್ಕೆಯಲ್ಲಿ ಕಲಿತ ಹಡಗಿನವರ ಮಾತು ಹೇಳಿಕೊಟ್ಟರು. ಎತ್ತುವುದಕ್ಕೆ ‘ಹಬೇಸ್’, ಇಳಿಸುವುದಕ್ಕೆ ‘ಆರಿಯಾ’. ಮಗನಿಗಂತೂ ಬಲು ಖುಷಿ. ಕೊಂಬೆಯಲ್ಲಿ ತೂಗುವ ಎಂಜಿನನ್ನು ಆಚೀಚೆ ಸರಿಸುವ ಹಾಗಿಲ್ಲವಲ್ಲ. ಅದು ಇದ್ದಲ್ಲೇ ಇರಲಿ ಎಂದು ಕಾರನ್ನೇ ಅದರಡಿಗೆ ನೂಕಿದೆವು. ಆರಿಯಾ, ಆರಿಯಾ ಎನ್ನುತ್ತ ಬೆರಳಿನ ಬದಲು ಕಟ್ಟಿಗೆ ತುಂಡು ಹಿಡಿದು ಕೂರಿಸಿದೆವು.

ಎಲ್ಲ ಮುಗಿದ ಮೇಲೆ ಹುಡುಗನನ್ನು ಡ್ರೈವರಿನ ಸೀಟಿನಲ್ಲಿ ಕೂರಿಸಿದೆ. ಗಲ್ಫಿನಿಂದ ಭಾವನ ಮಗ ತಂದಿದ್ದ ಸ್ಪಿಟ್‌ಫೈರಿನ ಪುಸ್ತಕದ ಪ್ರಕಾರ ಕ್ರ್ಯಾಂಕ್ ಆಡಬಹುದಾದದ್ದು ಅಂಗುಲದ ಸಾವಿರ ಪಾಲಿನಲ್ಲಿ 4ರಿಂದ 8 ಪಾಲು, ಕಣ್ಣಿಗೆ ಕಾಣುವಂಥದ್ದಲ್ಲ. ನಾನು ಪುಲ್ಲಿಯ ಎದುರು ಕುಕ್ಕುರುಗಾಲಿನಲ್ಲಿ ಕೂತು, “ಚವಿಟ್ಟ್” ಎಂದೆ. ಕ್ಲಚ್ಚಿನ ಸ್ಪ್ರಿಂಗು ಕಿರ್ರೆಂದಿತು. ಪುಲ್ಲಿ ಕದಲಲಿಲ್ಲ.