ಸಣ್ಣ ವಿಮಾನದ ಯೋಗಕ್ಷೇಮ

ಯೋಗಕ್ಷೇಮವೆಂಬ ಮಾತನ್ನು ಕಾಗದ ಬರೆಯುವವರೆಲ್ಲರೂ ಉಪಯೋಗಿಸುವರು. ಅದರೊಳಗೆ ಎರಡು ಬೇರೆ ಬೇರೆ ಅರ್ಥಗಳು ಜೊತೆಯಾಗಿ ಕುಳಿತಿವೆಯೆಂಬುದನ್ನು ನೆನೆಯುವವರು ವಿರಳ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಮೊದಲನೆಯದು ಹಬ್ಬದ ದಿನದ ಕೆಲಸ. ಎರಡನೆಯದು ಹಬ್ಬ ಕಳೆದ ಮೇಲಿನ ಕೆಲಸ. ಬಾವಿ ತೋಡಿಸಿದವನ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ವರ್ಷವರ್ಷವೂ ಹೂಳು ತೆಗೆಸಿದವನ ಹೆಸರನ್ನು ಯಾರೂ ಕೆತ್ತಿಸುವುದಿಲ್ಲ. ಆದರೆ ಊರಿಗೆ ನೀರು ದೊರೆಯುವುದು ಇಬ್ಬರಿಂದಲೂ. ಸಣ್ಣ ಊರುಗಳಿಗೆ ಹಾರುವ ಸಣ್ಣ ವಿಮಾನ ಸಂಸ್ಥೆಗಳ ಗುಣದೋಷಗಳನ್ನು ತೂಗಿ ನೋಡುವವರು ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಅವುಗಳ ಗುಣಗಳು ಬಹುಮಟ್ಟಿಗೆ ಯೋಗದ ಪಕ್ಷದಲ್ಲಿವೆ. ದೋಷಗಳು ಬಹುಮಟ್ಟಿಗೆ ಕ್ಷೇಮದ ಪಕ್ಷದಲ್ಲಿವೆ.

ಬೀದರ ನಗರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕರ್ನಾಟಕದ ಉತ್ತರದ ತುದಿಯಲ್ಲಿರುವ ಆ ಊರಿಗೂ ಬೆಂಗಳೂರಿಗೂ ನಡುವೆ ಸುಮಾರು 700 ಕಿಲೋಮೀಟರುಗಳ ಹಾದಿ. ರೈಲಿನಲ್ಲಿಯಾಗಲಿ ಬಸ್ಸಿನಲ್ಲಿಯಾಗಲಿ ಒಂದು ಇರುಳನ್ನು ಪೂರ್ತಿಯಾಗಿ ಕಳೆಯಬೇಕು. ಮಗನು ಬೆಂಗಳೂರಿನ ಕಚೇರಿಯಲ್ಲಿ, ತಂದೆತಾಯಿಗಳು ಬೀದರಿನ ಮನೆಯಲ್ಲಿ. ಇಂಥ ಸಂಸಾರಗಳು ಅಲ್ಲಿ ಒಂದೆರಡಲ್ಲ. ತಂದೆಗೆ ಎದೆನೋವೆಂದು ಮುಂಜಾವದಲ್ಲಿ ಸುದ್ದಿ ಬಂದರೆ ಮಗನು ಸಂಜೆಯ ರೈಲಿಗಾಗಿ ಕಾದು, ಮರುದಿನ ಬೆಳಗಾದ ಮೇಲೆ ಮನೆಯ ಮೆಟ್ಟಿಲನ್ನು ತುಳಿಯಬೇಕು. ಹೈದರಾಬಾದಿಗೆ ಹಾರಿ ಅಲ್ಲಿಂದ ಬರುವೆನೆಂದರೂ, ಶಂಷಾಬಾದಿನ ನಿಲ್ದಾಣದಿಂದ ಮಹಾನಗರವನ್ನು ಬಳಸಿಕೊಂಡು ಹಲವು ಗಂಟೆಗಳ ರಸ್ತೆಯನ್ನು ಸವೆಯಿಸಬೇಕು. ವಿಮಾನವು ನೇರವಾಗಿ ಬೀದರಿಗೇ ಬರುವುದಾದರೆ ಹಾರಾಟವು ಒಂದೂವರೆ ಗಂಟೆಯೊಳಗಿನ ಮಾತು. ಈ ಒಂದೂವರೆ ಗಂಟೆಗೂ ಆ ಒಂದು ಇರುಳಿಗೂ ಇರುವ ಅಂತರವನ್ನು ಗಡಿಯಾರದಿಂದ ಅಳೆಯಲಾಗದು. ಕೆಲವು ಮನೆಗಳಲ್ಲಿ ಅದು ಕೊನೆಯ ಮಾತನ್ನು ಕೇಳಿದುದಕ್ಕೂ ಕೇಳದುದಕ್ಕೂ ಇರುವ ಅಂತರ.

ಆ ಯೋಗವು ಬೀದರಿಗೆ 2020ರ ಫೆಬ್ರವರಿ 7ರಂದು ಒದಗಿತು. ವಾಯುಸೇನೆಯ ನೆಲೆಗೆ ಸೇರಿದ ರನ್‌ವೇಯ ಒಂದು ಮಗ್ಗುಲಲ್ಲಿ ನಾಗರಿಕರಿಗಾಗಿ ಪುಟ್ಟ ಕಟ್ಟಡವೊಂದು ಸಿದ್ಧವಾಗಿ, ಟ್ರೂಜೆಟ್ ಸಂಸ್ಥೆಯ ವಿಮಾನವು ಬೆಂಗಳೂರಿನಿಂದ ಬಂದಿಳಿಯಿತು. ಮುಂದಿನ ತಿಂಗಳಲ್ಲಿಯೇ ಮಹಾವ್ಯಾಧಿಯ ನಿಮಿತ್ತ ದೇಶದ ವಿಮಾನಗಳೆಲ್ಲವೂ ನಿಂತುವು. 2022ರಲ್ಲಿ ಆ ಸಂಸ್ಥೆಯೇ ಹಾರಾಟವನ್ನು ನಿಲ್ಲಿಸಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಸ್ಟಾರ್ ಏರ್ ಎಂಬ ಮತ್ತೊಂದು ಸಂಸ್ಥೆ ಬಂದಿತು. 2023ರ ಕೊನೆಗೆ ಅದೂ ನಿಂತಿತು. 2025ರ ಏಪ್ರಿಲಿನಲ್ಲಿ ಮತ್ತೆ ಆರಂಭವಾಯಿತು. ಹೀಗೆ ಐದು ವರ್ಷಗಳಿಗಿಂತ ತುಸು ಹೆಚ್ಚಿನ ಅವಧಿಯಲ್ಲಿ ಒಂದೇ ಊರಿನ ಜನರು ಮೂರು ಆರಂಭಗಳನ್ನು ಕಂಡರು. ಆರಂಭಗಳು ಹೆಚ್ಚಿದಷ್ಟೂ ಸಂತೋಷ ಹೆಚ್ಚಬೇಕೆಂಬ ನಿಯಮವೇನೂ ಇಲ್ಲ. ನಡುವೆ ಸಮಾಪ್ತಿಗಳೂ ಆಗಿವೆಯೆಂದು ಅದರ ಅರ್ಥ.

ಆದರೂ ಗುಣವನ್ನು ಮೊದಲು ಹೇಳುವುದು ನ್ಯಾಯ. ಸಣ್ಣ ವಿಮಾನದ ಮೊದಲನೆಯ ಗುಣ ಸಾಮೀಪ್ಯ. ಮಹಾನಗರದ ನಿಲ್ದಾಣದಲ್ಲಿ ಪಯಣಿಗನು ಆಕಾಶದಲ್ಲಿ ಕಳೆಯುವುದಕ್ಕಿಂತ ಹೆಚ್ಚಿನ ಹೊತ್ತನ್ನು ಸಾಲುಗಳಲ್ಲಿ ಕಳೆಯುತ್ತಾನೆ. ಸಣ್ಣ ಊರಿನ ನಿಲ್ದಾಣದಲ್ಲಿ ಬಾಗಿಲಿನಿಂದ ವಿಮಾನದ ಏಣಿಯವರೆಗಿನ ದಾರಿಯನ್ನು ಕಣ್ಣಿನಿಂದಲೇ ಅಳೆಯಬಹುದು. ಪೆಟ್ಟಿಗೆಯು ಕೈಸೇರಲು ಬಹಳ ಹೊತ್ತು ಬೇಡ. ಅಲ್ಲಿನ ನೌಕರರಲ್ಲಿ ಅನೇಕರು ಆ ಊರಿನವರೇ ಆದುದರಿಂದ, ದಾರಿ ತೋಚದೆ ನಿಂತ ಅಜ್ಜಿಯೊಬ್ಬಳಿಗೆ "ಇಲ್ಲಿ ಕೂಡ್ರಿ ಅವ್ವಾ" ಎಂದು ಆಕೆಯ ಮಾತಿನಲ್ಲಿಯೇ ಹೇಳಬಲ್ಲರು. ಇದು ಸಣ್ಣ ಉಪಕಾರವಲ್ಲ. ಮೊದಲ ಸಲ ವಿಮಾನವೇರುವವರಿಗೆ ಯಂತ್ರದ ಭಯಕ್ಕಿಂತಲೂ ಅಪರಿಚಿತ ನುಡಿಯ ಭಯವೇ ದೊಡ್ಡದು.

ಎರಡನೆಯ ಗುಣವು ವಿಮಾನದ ಮೈಕಟ್ಟಿಗೆ ಸಂಬಂಧಪಟ್ಟುದು. ಇಂಥ ಮಾರ್ಗಗಳಲ್ಲಿ ಬಹಳವಾಗಿ ಬಳಕೆಯಾಗಿರುವ ಎಟಿಆರ್ ವಿಮಾನವು ಫ್ರಾನ್ಸ್ ಮತ್ತು ಇಟಲಿ ದೇಶಗಳವರು ಕೂಡಿ ನಿರ್ಮಿಸುವಂಥದು. ಅದಕ್ಕೆ ಎರಡು ಪ್ರೊಪೆಲ್ಲರುಗಳು. ರೆಕ್ಕೆಯು ಕಿಟಕಿಗಳ ಮೇಲ್ಗಡೆ ಇರುವುದು. ಜೆಟ್ ವಿಮಾನಗಳಿಗಿಂತ ಕೆಳಗೆ ಹಾರುವುದರಿಂದ ಹೊಲ, ಕೆರೆ, ಹೊಳೆಯ ತಿರುವುಗಳು ಪಯಣಿಗನಿಗೆ ಚೆನ್ನಾಗಿ ಕಾಣುತ್ತವೆ. ಗಿಡ್ಡ ರನ್‌ವೇಗಳಲ್ಲಿಯೂ ಅದು ಇಳಿಯಬಲ್ಲುದು. ಕಡಮೆ ಇಂಧನದಲ್ಲಿ ಹಾರಬಲ್ಲುದು. ಸ್ಟಾರ್ ಏರ್ ಸಂಸ್ಥೆಯು ತನ್ನ ಹಾರಾಟವನ್ನು 2019ರಲ್ಲಿ ಆರಂಭಿಸಿದುದು ಬ್ರೆಜಿಲ್ ದೇಶದ ಎಂಬ್ರೇಯರ್ ಜೆಟ್ ವಿಮಾನಗಳಿಂದ. ಐವತ್ತು ಆಸನಗಳ ಆ ವಿಮಾನದಲ್ಲಿ ನಡುದಾರಿಯ ಒಂದು ಕಡೆ ಒಂದೇ ಆಸನ, ಇನ್ನೊಂದು ಕಡೆ ಎರಡು. ಇಬ್ಬರ ನಡುವೆ ಸಿಕ್ಕಿ ಮೊಣಕೈ ಮಡಚಿಕೊಂಡು ಕೂರುವ ದುರವಸ್ಥೆ ಅಲ್ಲಿ ಯಾರಿಗೂ ಇಲ್ಲ.

ಇನ್ನು ದೋಷದ ವಿಚಾರ. ಪುಷ್ಪಕ ವಿಮಾನದಲ್ಲಿ ಎಷ್ಟು ಮಂದಿ ಹತ್ತಿದರೂ ಇನ್ನೊಬ್ಬರಿಗೆ ಎಡೆ ಉಳಿದಿರುತ್ತಿತ್ತೆಂದು ಹಿರಿಯರು ಹೇಳುವರು. ಮಾನವನಿರ್ಮಿತವಾದ ವಿಮಾನಕ್ಕೆ ಆ ಮಹಿಮೆಯಿಲ್ಲ. ಆಸನಗಳು ಐವತ್ತಾದರೆ ಐವತ್ತೇ. ಆದರೆ ಐವತ್ತು ಜನರನ್ನು ಕೊಂಡೊಯ್ಯಲೂ ಇಬ್ಬರು ಚಾಲಕರು ಬೇಕು, ನೂರೆಂಬತ್ತು ಜನರನ್ನು ಕೊಂಡೊಯ್ಯಲೂ ಇಬ್ಬರೇ ಚಾಲಕರು ಸಾಕು. ಚಾಲಕರ ಸಂಬಳ, ವಿಮಾನದ ಬಾಡಿಗೆ, ತಪಾಸಣೆಯ ಖರ್ಚು ಇವೆಲ್ಲವನ್ನೂ ಸಣ್ಣ ಸಂಸ್ಥೆಯು ಕೆಲವೇ ಟಿಕೆಟುಗಳ ಮೇಲೆ ಹಂಚಬೇಕು. ಹತ್ತು ಆಸನಗಳು ಖಾಲಿ ಉಳಿದರೆ ದೊಡ್ಡ ಸಂಸ್ಥೆಗೆ ಅದು ಚಿಂತೆಯಲ್ಲ. ಸಣ್ಣದಕ್ಕೆ ಅದೇ ಲಾಭನಷ್ಟಗಳ ಗಡಿ.

ಒಂದೇ ಜೋಡಿ ಎತ್ತಿನ ಒಕ್ಕಲುತನವನ್ನು ಬಲ್ಲವರಿಗೆ ಉಳಿದುದನ್ನು ವಿವರಿಸಬೇಕಾಗಿಲ್ಲ. ಹತ್ತು ಜೋಡಿಯಿದ್ದ ಮನೆಯಲ್ಲಿ ಒಂದು ಎತ್ತು ಕುಂಟಿದರೆ ಬೇರೊಂದನ್ನು ಹೂಡುವರು. ಒಂದೇ ಜೋಡಿಯಿದ್ದವನ ಬಿತ್ತನೆ ಅಂದಿಗೆ ನಿಂತಂತೆಯೇ. ಸಣ್ಣ ಸಂಸ್ಥೆಯ ಒಂದೇ ವಿಮಾನವು ಬೆಳಿಗ್ಗೆ ಒಂದೂರು, ಮಧ್ಯಾಹ್ನ ಇನ್ನೊಂದೂರು, ಸಂಜೆ ಮತ್ತೊಂದೂರು ಎಂದು ಸುತ್ತುತ್ತಿರುತ್ತದೆ. ಬೆಳಿಗ್ಗೆ ಮಂಜು ಕವಿದು ಒಂದು ಗಂಟೆ ತಡವಾದರೆ ಸಂಜೆಯ ಊರಿನವರೂ ಆ ತಡವನ್ನು ಅನುಭವಿಸಬೇಕು. ಸಾಯಂಕಾಲ ಮೀರಿದರೆ, ರಾತ್ರಿ ಇಳಿಯುವ ಸೌಕರ್ಯವಿಲ್ಲದ ಊರಿಗೆ ಅಂದು ವಿಮಾನವೇ ಇಲ್ಲ. ವಿಮಾನವು ರದ್ದಾದರೆ ಹಣವನ್ನು ಮರಳಿಸಬೇಕು, ಇಲ್ಲವೆ ಬೇರೊಂದು ವಿಮಾನವನ್ನು ಒದಗಿಸಬೇಕು ಎಂದು ದೇಶದ ನಿಯಮವೇನೋ ಇದೆ. ಆದರೆ ದಿನಕ್ಕೆ ಒಂದೇ ವಿಮಾನವಿರುವ ಊರಿನಲ್ಲಿ ಆ ಬೇರೊಂದನ್ನು ಎಲ್ಲಿಂದ ತರುವುದು? ಹಣ ಮರಳಿ ಬಂದಿತೆಂಬುದು ಮದುವೆಯ ಮುಹೂರ್ತವನ್ನು ತಪ್ಪಿಸಿಕೊಂಡವನಿಗೆ ಎಷ್ಟರ ಸಮಾಧಾನ?

ಈ ದೌರ್ಬಲ್ಯವು ಹೊಸದಲ್ಲ. ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಗಳೆರಡೂ ಸೇರಿ 1981ರಲ್ಲಿ ವಾಯುದೂತ್ ಎಂಬುದನ್ನು ಸ್ಥಾಪಿಸಿದುವು. ಮೊದಲು ಈಶಾನ್ಯದ ಗುಡ್ಡಗಾಡುಗಳಿಗೆಂದು ಹುಟ್ಟಿದ ಅದು ಬರಬರುತ್ತ ದೇಶದ ಅನೇಕ ಸಣ್ಣ ಪಟ್ಟಣಗಳಿಗೆ ಹಾರಿತು. ನಷ್ಟವನ್ನು ತಾಳಲಾರದೆ 1990ರ ದಶಕದಲ್ಲಿ ಇಂಡಿಯನ್ ಏರ್‌ಲೈನ್ಸಿನಲ್ಲಿ ಲೀನವಾಯಿತು. ಹೇಮಾವತಿಯ ತೀರದ ಗೊರೂರಿನವರಾದ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಏರ್ ಡೆಕ್ಕನ್ ಸಂಸ್ಥೆಯನ್ನು ಎಟಿಆರ್ ವಿಮಾನಗಳಿಂದ ಆರಂಭಿಸಿದರು. ಒಂದು ರೂಪಾಯಿಗೂ ಟಿಕೆಟು ಮಾರಿದ ಆ ಸಾಹಸವು, ವಿಮಾನವೆಂಬುದು ಸಿರಿವಂತರ ಸ್ವತ್ತೆಂಬ ಭಾವನೆಯನ್ನೇ ಅಲುಗಿಸಿತು. ಆದರೂ ಐದು ವರ್ಷಗಳೊಳಗೆ ಅದು ಕಿಂಗ್‌ಫಿಷರ್ ಸಂಸ್ಥೆಯ ಕೈಸೇರಿತು. 2012ರಲ್ಲಿ ಕಿಂಗ್‌ಫಿಷರ್ ತಾನೇ ನೆಲಹಿಡಿಯಿತು. ಯೋಗವನ್ನು ತಂದವರಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ಕ್ಷೇಮಕ್ಕೆ ಬೇಕಾದ ಕಣಜವು ತುಂಬಿರಲಿಲ್ಲ.

ಸರ್ಕಾರವು ಇದನ್ನು ಅರಿಯದೆ ಇರಲಿಲ್ಲ. 2016ರಲ್ಲಿ ಪ್ರಕಟವಾದ ಉಡಾನ್ ಯೋಜನೆಯ ಮೊದಲ ವಿಮಾನವು 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಒಂದು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿಗಳೆಂದು ಮಿತಿಯನ್ನು ಗೊತ್ತುಮಾಡಿ, ಸಂಸ್ಥೆಗೆ ಉಂಟಾಗುವ ಕೊರತೆಯನ್ನು ಮೂರು ವರ್ಷಗಳವರೆಗೆ ತುಂಬಿಕೊಡುವುದಾಗಿ ಏರ್ಪಾಡಾಯಿತು. ಈ ಮಿತಿಯು ವಿಮಾನದ ಎಲ್ಲ ಆಸನಗಳಿಗೂ ಅಲ್ಲ, ಸುಮಾರು ಅರ್ಧದಷ್ಟಕ್ಕೆ ಮಾತ್ರ. ತಡವಾಗಿ ಟಿಕೆಟು ಕೊಳ್ಳುವವರು ಹೆಚ್ಚು ಬೆಲೆ ತೆತ್ತು ಅಚ್ಚರಿಪಡುವುದು ಇದರಿಂದಲೇ. ಮಹಾಲೇಖಪಾಲರು 2023ರಲ್ಲಿ ಒಪ್ಪಿಸಿದ ವರದಿಯು ಈ ಯೋಜನೆಯ ಮೊದಲ ಮೂರು ಹಂತಗಳ ಲೆಕ್ಕವನ್ನು ಕೊಡುತ್ತದೆ. ಹಂಚಿಕೊಟ್ಟ ಮಾರ್ಗಗಳು 774. ಅವುಗಳಲ್ಲಿ ಹಾರಾಟ ಆರಂಭವಾದುವು 371. ಮೂರು ವರ್ಷಗಳ ಅವಧಿಯನ್ನು ಪೂರೈಸಿದುವು 112. ಅದರ ಆಚೆಗೂ ಬಾಳಿದುವು 54. ಈ ನಾಲ್ಕು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ಯೋಗವು ಕ್ಷೇಮವಾಗದೆ ಸೋರಿಹೋದ ದಾರಿಯು ಸ್ಪಷ್ಟವಾಗುವುದು.

ಹಾಗಾದರೆ ಸಣ್ಣ ಮಾರ್ಗಗಳಿಗೆ ಕ್ಷೇಮವೆಂಬುದೇ ಇಲ್ಲವೆ? ಉಂಟು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೆ ಮತ್ತು ಪಾಪಾ ವೆಸ್ಟ್ರೆ ಎಂಬ ಎರಡು ದ್ವೀಪಗಳಿವೆ. ನಡುವಣ ಹಾರಾಟವು ಮೂರು ಕಿಲೋಮೀಟರುಗಳಿಗೂ ಕಡಮೆ. ವೇಳಾಪಟ್ಟಿಯಲ್ಲಿ ಅದಕ್ಕೆ ಎರಡೇ ನಿಮಿಷ. ಎಂಟು ಮಂದಿಯನ್ನು ಹೊರುವ ಪುಟ್ಟ ವಿಮಾನದಲ್ಲಿ ಲೋಗನ್‌ಏರ್ ಸಂಸ್ಥೆಯು 1967ರಿಂದ ಈ ಸೇವೆಯನ್ನು ನಡೆಸಿಕೊಂಡು ಬಂದಿದೆ. ಪಾಪಾ ವೆಸ್ಟ್ರೆಯ ಜನಸಂಖ್ಯೆ ನೂರನ್ನೂ ಮುಟ್ಟುವುದಿಲ್ಲ. ಲಾಭದ ಮಾತಂತೂ ದೂರ. ಆದರೆ ಉಪಾಧ್ಯಾಯರೂ ವೈದ್ಯರೂ ರೋಗಿಗಳೂ ಅದರಲ್ಲಿ ಓಡಾಡುವುದರಿಂದ, ದೋಣಿ, ರಸ್ತೆ, ಶಾಲೆಗಳಂತೆ ಅದೂ ಸಾರ್ವಜನಿಕ ಕರ್ತವ್ಯವೆಂದು ಬಗೆದು ಅಲ್ಲಿನ ಆಡಳಿತ ಮಂಡಲಿಯು ದ್ರವ್ಯಸಹಾಯ ಮಾಡುತ್ತಿದೆ. ಅಲ್ಲಿ ಉಳಿದುದು ವಿಮಾನದ ಬಲದಿಂದಲ್ಲ, ಊರಿನ ಸಂಕಲ್ಪದಿಂದ. ಮೂರು ವರ್ಷ ಎತ್ತಿ ಆಡಿಸಿ ಬಳಿಕ ಕೆಳಗಿಳಿಸುವ ವಾತ್ಸಲ್ಯಕ್ಕೂ, ಕೂಸು ನಡೆಯಲಾರದೆಂದು ತಿಳಿದು ಹೊತ್ತುಕೊಂಡೇ ನಡೆಯುವ ವಾತ್ಸಲ್ಯಕ್ಕೂ ಭೇದವಿದೆಯಷ್ಟೆ.

ಸಣ್ಣ ವಿಮಾನವು ಅಪಾಯಕರವಲ್ಲವೆ ಎಂಬ ಪ್ರಶ್ನೆಯನ್ನು ಮನೆಯ ಹಿರಿಯರು ಕೇಳದೆ ಬಿಡುವುದಿಲ್ಲ. ಭಾರತದಲ್ಲಿ ವೇಳಾಪಟ್ಟಿಯಂತೆ ಹಾರುವ ಸಂಸ್ಥೆಗಳು ಸಣ್ಣವಾಗಲಿ ದೊಡ್ಡವಾಗಲಿ ಒಂದೇ ವಿಮಾನಯಾನ ನಿರ್ದೇಶನಾಲಯದ ಅನುಮತಿಗೂ ತಪಾಸಣೆಗೂ ಒಳಪಟ್ಟಿವೆ. ಮಳೆಗಾಲದ ಮೋಡಗಳಲ್ಲಿ ಎಟಿಆರ್ ಹೆಚ್ಚು ಕುಲುಕಾಡುವುದುಂಟು; ಕುಲುಕಾಟವೆಲ್ಲ ಕೇಡಲ್ಲ. ಹಾಗೆಂದು ಅಪಘಾತಗಳು ಆಗಿಯೇ ಇಲ್ಲವೆನ್ನುವಂತಿಲ್ಲ. ನೇಪಾಳದ ಪೋಖರಾದಲ್ಲಿ 2023ರ ಜನವರಿ 15ರಂದು ಎಟಿಆರ್ ವಿಮಾನವೊಂದು ಬಿದ್ದು 72 ಮಂದಿ ಮಡಿದರು. ಚಾಲಕರ ಕೊಠಡಿಯಲ್ಲಿ ಒಂದು ಹಿಡಿಯ ಬದಲು ಇನ್ನೊಂದನ್ನು ಸರಿಸಿದುದರಿಂದ ಪ್ರೊಪೆಲ್ಲರುಗಳು ಬಲಗುಂದಿದುವೆಂದು ತನಿಖೆಯು ಕಂಡುಕೊಂಡಿತು. ಆದುದರಿಂದ ವಿಚಾರಿಸಬೇಕಾದುದು ವಿಮಾನದ ಗಾತ್ರವನ್ನಲ್ಲ. ಚಾಲಕರ ಶಿಕ್ಷಣವನ್ನು, ನಡೆಸುವವರ ಶ್ರದ್ಧೆಯನ್ನು.

ಇಷ್ಟನ್ನು ತಿಳಿದ ಗೃಹಸ್ಥನು ಸಣ್ಣ ವಿಮಾನವನ್ನು ಬಿಡಬೇಕಾಗಿಲ್ಲ; ಅದರ ಸ್ವಭಾವಕ್ಕೆ ತಕ್ಕಂತೆ ನಡೆದುಕೊಂಡರೆ ಸಾಕು. ಮದುವೆ, ಪರೀಕ್ಷೆ, ಶಸ್ತ್ರಚಿಕಿತ್ಸೆಗಳಿಗೆ ಒಂದು ದಿನ ಮುಂಚಿತವಾಗಿ ಹೊರಡತಕ್ಕದ್ದು. ಬೆಂಗಳೂರಿನಿಂದ ಹೊರದೇಶದ ವಿಮಾನವನ್ನು ಹಿಡಿಯಬೇಕಾದವರು ಸಾಧ್ಯವಾದರೆ ಎರಡೂ ಪ್ರಯಾಣಗಳನ್ನು ಒಂದೇ ಟಿಕೆಟಿನಲ್ಲಿ ಪಡೆಯತಕ್ಕದ್ದು. ಬೇರೆ ಬೇರೆ ಟಿಕೆಟುಗಳಾದರೆ ಮೊದಲನೆಯದರ ತಡಕ್ಕೆ ಎರಡನೆಯವರು ಹೊಣೆಯಾಗರು. ಪೆಟ್ಟಿಗೆಯನ್ನು ಮನೆಯಲ್ಲಿಯೇ ತೂಗಿನೋಡುವುದು ಲೇಸು. ಸಣ್ಣ ನಿಲ್ದಾಣಗಳಲ್ಲಿ ಏಣಿಯ ಮೆಟ್ಟಿಲನ್ನು ಹತ್ತಿಯೇ ಒಳಹೋಗಬೇಕಾದುದರಿಂದ, ಮಂಡಿನೋವಿನ ವೃದ್ಧರಿದ್ದರೆ ಮೊದಲೇ ತಿಳಿಸಿಟ್ಟಿರಬೇಕು. ಎಲ್ಲಕ್ಕೂ ಮಿಗಿಲಾಗಿ, ರಾತ್ರಿಯ ರೈಲಿನ ವೇಳೆಯನ್ನು ಮರೆಯಬಾರದು.

ಊರಿನವರಿಗೂ ಒಂದು ಹೊಣೆಯಿದೆ. ನಿಲ್ದಾಣ ಬೇಕೆಂದು ಮನವಿಪತ್ರ ಒಪ್ಪಿಸುವಾಗ ಸಾವಿರ ರುಜುಗಳು ಬೀಳುತ್ತವೆ. ಬಂದ ವಿಮಾನದಲ್ಲಿ ಎಷ್ಟು ಆಸನಗಳು ತುಂಬುತ್ತಿವೆ, ಸಹಾಯಧನದ ಅವಧಿ ಎಂದು ಮುಗಿಯುತ್ತದೆ, ಮುಗಿದ ಮೇಲೆ ಕೊರತೆಯನ್ನು ಯಾರು ಹೊರುವರು ಎಂದು ಆ ಬಳಿಕ ಕೇಳುವವರಿರುವುದಿಲ್ಲ. ವರ್ತಕರ ಸಂಘ, ವೈದ್ಯರ ಸಂಘ, ವಿದ್ಯಾಸಂಸ್ಥೆಗಳು ವರ್ಷಕ್ಕೊಮ್ಮೆ ಕೂಡಿ ಈ ಮೂರು ಪ್ರಶ್ನೆಗಳನ್ನು ಜಿಲ್ಲಾಡಳಿತದ ಮುಂದಿಡುವುದು ಅಸಾಧ್ಯವಾದ ಕಾರ್ಯವೇನೂ ಅಲ್ಲ. ಅವಧಿ ಮುಗಿಯುವ ತಿಂಗಳಿನಲ್ಲಿ ಕೇಳುವುದಕ್ಕಿಂತ, ಒಂದು ವರ್ಷ ಮುಂಚಿತವಾಗಿ ಕೇಳಿದರೆ ಉತ್ತರ ದೊರೆಯುವ ಸಂಭವ ಹೆಚ್ಚು.