ಕಾಗದದ ಮೇಲೊಂದು ಗಾಡಿ

ದೇಶದ ಗಡಿ ದಾಟಲು ಹೊರಟ ಬೈಕ್ ಸವಾರರು ಕಲೆತರೆ ಟೈರು, ಚೈನು, ಇಂಜಿನ್ ಆಯಿಲ್ ಎಂದು ಗಂಟೆಗಟ್ಟಲೆ ಮಾತಾಡುತ್ತಾರೆ. ನನಗೆ ಅದಕ್ಕಿಂತ ಸುಖ ಕೊಡುವುದು ಕಾಗದಪತ್ರ ಹೊಂದಿಸುವ ಕೆಲಸ. ರಾತ್ರಿ ಊಟವಾದ ಮೇಲೆ ಆರ್‌ಸಿ, ಡಿಎಲ್, ಇನ್ಶೂರೆನ್ಸು, ಎಮಿಷನ್ ಸರ್ಟಿಫಿಕೇಟು, ಪಾಸ್‌ಪೋರ್ಟು ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತೆನೆಂದರೆ ಪ್ರಯಾಣ ಅಲ್ಲಿಗೇ ಶುರುವಾಯಿತು. ನನ್ನ ಗಾಡಿಯನ್ನು ಕಂಡೇ ಇರದ ಒಬ್ಬ ಅಧಿಕಾರಿ ಎಲ್ಲೋ ಒಂದು ಕಿಟಕಿಯ ಆಚೆ ಕೂತು, ಬರೀ ಕಾಗದ ಓದಿ ಅದರ ಗುರುತು ಹಿಡಿಯಬೇಕು. ಅವರಿಗೆ ಅನುಮಾನಕ್ಕೆ ಎಡೆಯೇ ಇಲ್ಲದಂತೆ ಗಾಡಿಯನ್ನು ಕಾಗದದ ಮೇಲೆ ಕಟ್ಟಿಕೊಡುವುದೂ ಒಂದು ಕಸುಬೇ.

ನಾನು ಮೊದಲು ಹಿಡಿಯುವುದು ಚಾಸಿಸ್ ನಂಬರನ್ನು. ಹ್ಯಾಂಡಲ್ ಕೆಳಗಿನ ಕೊಳವೆಯ ಮೇಲೆ ಕೊರೆದಿರುವ ಈ ಸಾಲಿನ ಜಿಡ್ಡನ್ನು ಬಟ್ಟೆಯಿಂದ ಒರೆಸಿ, ಮೇಲೊಂದು ತೆಳು ಕಾಗದ ಒತ್ತಿ ಹಿಡಿದು, ಪೆನ್ಸಿಲನ್ನು ಓರೆಯಾಗಿ ಆಡಿಸಬೇಕು. ಬೂದುಬಣ್ಣದ ನಡುವೆ ಬಿಳಿ ಅಕ್ಷರಗಳು ಒಂದೊಂದಾಗಿ ಎದ್ದು ಬರುತ್ತವೆ. ಗಾಡಿ ವರ್ಗಾವಣೆಗೆ ಆರ್‌ಟಿಒ ಕಚೇರಿಯಲ್ಲಿ ಕೇಳುವುದೂ ಇದೇ ಪೆನ್ಸಿಲ್ ಪ್ರಿಂಟ್. ಒಟ್ಟು 17 ಅಕ್ಷರ, ಅಂಕಿಗಳು. ನಮ್ಮ ದೇಶದಲ್ಲಿ ತಯಾರಾದ ಗಾಡಿಯದು ‘ಎಂ’ನಿಂದ ಶುರು. ಒಂದು, ಸೊನ್ನೆಗಳ ಜೊತೆ ಗೊಂದಲವಾಗಬಾರದೆಂದು ಐ, ಒ, ಕ್ಯೂ ಎಂಬ ಮೂರು ಅಕ್ಷರಗಳನ್ನು ಈ ಸಾಲಿನಲ್ಲಿ ಬಳಸುವುದೇ ಇಲ್ಲ. ಹಾಗಾಗಿ ಇನ್ಶೂರೆನ್ಸ್ ಪಾಲಿಸಿಯಲ್ಲಿ ಎಲ್ಲಾದರೂ ‘ಒ’ ಕಂಡರೆ ಟೈಪು ಮಾಡಿದವರ ಕೈತಪ್ಪು ಎಂದು ಕೂತಲ್ಲೇ ಹೇಳಿಬಿಡಬಹುದು. ಪೆನ್ಸಿಲ್ ಪ್ರಿಂಟನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಕಾಗದವನ್ನೂ ಅಕ್ಷರಕ್ಕೆ ಅಕ್ಷರ ತಾಳೆ ನೋಡುವ ಆ ಅರ್ಧ ಗಂಟೆ ನನಗೆ ಬಹಳ ಪ್ರಿಯ.

ಆಮೇಲಿನದು ಹೆಸರಿನ ಸರದಿ. ಇನಿಷಿಯಲ್ ಇಟ್ಟುಕೊಳ್ಳುವ ನಮ್ಮಂಥವರಿಗೆ ಇದು ದೊಡ್ಡ ಕೆಲಸ. ಆರ್‌ಸಿಯಲ್ಲಿ ಹೆಸರಿನ ಮುಂದೆ ಬರೀ ಎರಡು ಅಕ್ಷರ; ಪಾಸ್‌ಪೋರ್ಟಿನಲ್ಲಿ ಅವೇ ಬಿಚ್ಚಿಕೊಂಡು ಊರಿನ ಹೆಸರೂ ಅಪ್ಪನ ಹೆಸರೂ ಆಗಿರುತ್ತವೆ. ಇಬ್ಬರೂ ಒಬ್ಬರೇ ಎಂದು ನಮಗೆ ಗೊತ್ತು, ಗಡಿಯಾಚೆಯ ಕಚೇರಿಗೆ ಗೊತ್ತಾಗುವುದು ಹೇಗೆ? ಆರ್‌ಸಿಯನ್ನೇ ತಿದ್ದಿಸುವುದು ಉತ್ತಮ. ಅಷ್ಟು ಸಮಯವಿಲ್ಲದಿದ್ದರೆ ನೋಟರಿಯಿಂದ ಒಂದು ಅಫಿಡವಿಟ್ ಮಾಡಿಸಿಕೊಳ್ಳಬೇಕು. ಗಾಡಿಯ ಮೇಲೆ ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಬೇಕು. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ಟನ್ನು ನಮ್ಮ ಆರ್‌ಟಿಒಗಳೇ ಕೊಡುತ್ತವೆ. ಅದರ ಆಯುಸ್ಸು ಒಂದೇ ವರ್ಷ; ಜೊತೆಗೆ ಮೂಲ ಡಿಎಲ್ ಇರದಿದ್ದರೆ ಅದಕ್ಕೆ ಬೆಲೆಯಿಲ್ಲ.

ಇಷ್ಟೂ ಕಾಗದಗಳಲ್ಲಿ ನನ್ನ ಮನಸ್ಸು ಗೆದ್ದದ್ದು ಕಾರ್ನೆ ಎಂಬ ಕಸ್ಟಮ್ಸ್ ಪುಸ್ತಕ. ಗಾಡಿಯನ್ನು ಇರಾನಿನಂಥ ದೇಶಕ್ಕೆ ಒಯ್ಯಬೇಕಾದರೆ ಈ ಪುಸ್ತಕ ಬೇಕೇ ಬೇಕು. ನಮ್ಮಲ್ಲಿ ಇದನ್ನು ಕೊಡುವುದು ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್. ಗಾಡಿಯ ಬೆಲೆ, ಹೋಗುವ ದೇಶಗಳು ಇವುಗಳನ್ನು ನೋಡಿ ಠೇವಣಿಯನ್ನೋ ಬ್ಯಾಂಕ್ ಗ್ಯಾರಂಟಿಯನ್ನೋ ಕೇಳುತ್ತಾರೆ. ‘ಈ ಗಾಡಿಯನ್ನು ನಿಮ್ಮ ದೇಶದಲ್ಲಿ ಮಾರುವುದಿಲ್ಲ, ವಾಪಸು ಒಯ್ಯುತ್ತೇನೆ, ತಪ್ಪಿದರೆ ಸುಂಕ ಈ ಹಣದಿಂದ ಸಲ್ಲುತ್ತದೆ’ ಎಂಬ ಮಾತೇ ಅದರ ಜೀವಾಳ. ಖಾಸಗಿ ವಾಹನಗಳ ತಾತ್ಕಾಲಿಕ ಆಮದಿಗೆಂದು 1954ರಲ್ಲಿ ಆದ ಒಪ್ಪಂದ ಇವತ್ತಿಗೂ ಈ ಪುಸ್ತಕವನ್ನು ನಡೆಸುತ್ತಿದೆ.

ಅದರೊಳಗಿನ ಪ್ರಶ್ನೆಗಳನ್ನು ನೋಡಬೇಕು! ಗಾಡಿಯ ತೂಕ, ಬಣ್ಣ, ಸಿಲಿಂಡರ್ ಎಷ್ಟು, ಸೀಟು ಎಷ್ಟು, ಸೀಟಿನ ಹೊದಿಕೆ ಎಂಥದ್ದು, ರೇಡಿಯೊ ಇದೆಯೇ, ಹೆಚ್ಚುವರಿ ಟೈರು ಎಷ್ಟು. ಕಾರುಗಳನ್ನು ಮನಸ್ಸಿನಲ್ಲಿಟ್ಟು ಬರೆದ ಈ ಪಟ್ಟಿಯ ಮುಂದೆ ಬೈಕಿನವರು ರೇಡಿಯೊಗೆ ಇಲ್ಲ ಎಂದೂ ಸೀಟಿಗೆ ಕಪ್ಪು ರೆಕ್ಸಿನ್ ಎಂದೂ ಶ್ರದ್ಧೆಯಿಂದ ಬರೆಯುತ್ತೇವೆ. ಕಟ್ಟಿಕೊಂಡು ಹೋಗುವ ಸ್ಪೇರ್ ಟೈರನ್ನೂ ಬರೆಸುವುದು ಒಳ್ಳೆಯದು, ಯಾಕೆಂದರೆ ಅದೂ ಗಾಡಿಯ ಜೊತೆ ಗಡಿ ದಾಟುವ ಸರಕು.

ಒಂದೊಂದು ಹಾಳೆಯಲ್ಲೂ ಮೂರು ತುಂಡು. ದೇಶದ ಒಳಗೆ ಹೋಗುವಾಗ ಕಸ್ಟಮ್ಸ್‌ನವರು ಕೆಳಗಿನ ತುಂಡನ್ನು ಹರಿದಿಟ್ಟುಕೊಳ್ಳುತ್ತಾರೆ, ಹೊರಗೆ ಬರುವಾಗ ನಡುವಿನದನ್ನು. ಮೇಲಿನ ತುಂಡು ಪುಸ್ತಕದಲ್ಲೇ ಉಳಿದು ಎರಡೂ ಕಡೆಯ ಮೊಹರು ಹೊತ್ತು ಮನೆಗೆ ಬರುತ್ತದೆ. ಹೋಗುವಾಗಿನ ಮೊಹರಿಗೆ ಅಧಿಕಾರಿಗಳೇ ನಮ್ಮನ್ನು ನಿಲ್ಲಿಸುತ್ತಾರೆ. ಬರುವಾಗಿನದನ್ನು ನಾವೇ ಕೇಳಿ ಹಾಕಿಸಿಕೊಳ್ಳಬೇಕು, ತಾರೀಖು ಸರಿಯಿದೆಯೇ, ಸಹಿ ಬಿತ್ತೇ ಎಂದು ಕಿಟಕಿಯ ಮುಂದೆಯೇ ನಿಂತು ನೋಡಬೇಕು. ಹಿಂದೆ ಸಾಲು ಬೆಳೆಯಲಿ, ಯಾರಾದರೂ ಗೊಣಗಲಿ. ಆ ಒಂದು ಮೊಹರು ಇಲ್ಲದಿದ್ದರೆ ಕಾಗದದ ಲೆಕ್ಕಕ್ಕೆ ಗಾಡಿ ಇನ್ನೂ ಆ ದೇಶದಲ್ಲೇ ಇದೆ. ಸುಂಕದ ಬೇಡಿಕೆ ಬರುವುದು ಠೇವಣಿಯ ಮೇಲೆ.

ನೇಪಾಳಕ್ಕೆ ಹೋಗುವ ನಮ್ಮವರಿಗೆ ಇಷ್ಟು ಶ್ರಮವಿಲ್ಲ. ಕಾರ್ನೆ ಬೇಡ, ವೀಸಾ ಬೇಡ. ಪಾಸ್‌ಪೋರ್ಟು ಅಥವಾ ವೋಟರ್ ಐಡಿ ಸಾಕು. ಆದರೆ ಅಲ್ಲಿನ ಸಲೀಸೇ ಬೇರೆ ಥರದ ಎಚ್ಚರ ಕೇಳುತ್ತದೆ. ಉತ್ತರ ಪ್ರದೇಶದ ಸುನೌಲಿಯಲ್ಲಿ ಸೈಕಲ್ಲು, ರಿಕ್ಷಾ, ತಲೆಯ ಮೇಲೆ ಗಂಟು ಹೊತ್ತವರ ನಡುವೆ ಕಮಾನು ದಾಟಿದರೆ ಬೇಲಹಿಯಾ, ಅಂದರೆ ನೇಪಾಳ. ಜನರ ಜೊತೆ ನಾವೂ ಹಾಗೇ ಸಾಗಿಬಿಡುವಷ್ಟು ತೆರೆದ ಗಡಿ ಅದು. ಗಾಡಿಗೆ ಮಾತ್ರ ದಿನದ ಲೆಕ್ಕದಲ್ಲಿ ಹಣ ಕಟ್ಟಿ ಭನ್ಸಾರ್, ಅಂದರೆ ಕಸ್ಟಮ್ಸ್, ಚೀಟಿ ಮಾಡಿಸಲೇಬೇಕು. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದು, ಭೂತಾನದ್ದು ಅರ್ಧ ಗಂಟೆ ಮುಂದು. ಕಚೇರಿ ಮುಚ್ಚುವ ಹೊತ್ತಿಗೆ ಗಡಿ ಸೇರುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚೀಟಿಯಲ್ಲಿ ಬರೆಸಿದ ದಿನ ಮೀರಿದರೆ ದಂಡವಿದೆ. ಅದಕ್ಕೇ ಬೆಟ್ಟದ ದಾರಿ ಕುಸಿಯಬಹುದಾದ ತಿಂಗಳುಗಳಲ್ಲಿ ಒಂದೆರಡು ದಿನ ಹೆಚ್ಚಿಗೆ ಬರೆಸುವುದು ಜಾಣತನ.

ಕಡತದಲ್ಲಿ ಕಾಗದಗಳನ್ನು ನಾನು ಕಿಟಕಿಗಳ ಕ್ರಮದಲ್ಲೇ ಜೋಡಿಸುತ್ತೇನೆ. ಮೊದಲು ಸವಾರನವು, ಆಮೇಲೆ ಗಾಡಿಯವು, ಕೊನೆಗೆ ಜೆರಾಕ್ಸ್ ಪ್ರತಿಗಳು, ಪಾಸ್‌ಪೋರ್ಟ್ ಸೈಜ್ ಫೋಟೊಗಳು. ಅಧಿಕಾರಿ ಕೇಳಿದ್ದು ತಡಕಾಡದೆ ಕೈಗೆ ಸಿಕ್ಕಿತೆಂದರೆ ಅವರ ಮುಖವೂ ಸಡಿಲವಾಗುತ್ತದೆ, ಎಷ್ಟೋ ಸಲ ಮುಂದಿನ ಪ್ರಶ್ನೆ ಬೈಕಿನ ಮೈಲೇಜಿನ ಬಗ್ಗೆಯೇ ಆಗಿರುತ್ತದೆ.

ದೂರದ ಸವಾರಿಯ ಆಸೆ ನಿಮಗೂ ಇದ್ದರೆ ನಕ್ಷೆ ತೆರೆಯುವ ಮೊದಲು ಆರ್‌ಸಿಯನ್ನೂ ಪಾಸ್‌ಪೋರ್ಟನ್ನೂ ಪಕ್ಕಪಕ್ಕ ಇಟ್ಟು ಓದಿ. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆ ಇದ್ದರೂ ಈ ವಾರವೇ ಅರ್ಜಿ ಹಾಕಿ. ಅದು ಸರಿಯಾದ ಮೇಲೆಯೇ ಉಳಿದ ಕಾಗದಗಳಿಗೆ ಓಡಾಡಿ.